ಪಿಗ್ಮಿಯಿಂದ ಎಸ್‌ಐಪಿ ತನಕ: ನಮ್ಮ ಬದಿಯ ಉಳಿತಾಯದ ಕತೆ

ಈಗೀಗ ಅಕ್ಕತಂಗೇರೆಲ್ಲ ಕೇಳೂದು ಒಂದೇ ಮಾತು, ಮ್ಯೂಚುವಲ್ ಫಂಡಿಗೆ ದುಡ್ಡು ಹಾಕ್ಬೋದಾ ಅಂತ. ಹೌದು, ಅಲ್ಲ ಅಂತ ಒಂದೇ ಶಬ್ದದಲ್ಲಿ ಹೇಳೂಕೆ ಬರೂದಿಲ್ಲ. ಅದು ಹ್ಯಾಗೆ ಬಂತು ಅಂತ ತಿಳಿದ್ರೆ ಅರ್ಧ ಉತ್ತರ ಅಲ್ಲೇ ಸಿಗ್ತದೆ.

ತೋಡೂರಿನವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. 1986ರ ಅಕ್ಟೋಬರಿನಲ್ಲಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ್ರು. ಕಾರವಾರ, ಅಂಕೋಲೆ ಬದಿಯ ಎಷ್ಟೋ ಕುಟುಂಬಗಳು ಗದ್ದೆ, ತೆಂಗಿನ ತೋಟ, ಮನೆ ಬಿಟ್ಟು ಎದ್ದು ಬಂದ್ರು. ತೋಡೂರಿನಲ್ಲೂ ನಿರಾಶ್ರಿತರ ಕಾಲೊನಿ ಆಯ್ತು. ಗದ್ದೆ ವರ್ಷವರ್ಷ ಅಕ್ಕಿ ಕೊಡ್ತಿತ್ತು. ಪರಿಹಾರದ ದುಡ್ಡು ಒಂದ್ಸಲ ಕರಗಿದ್ರೆ ಮತ್ತೆ ಚಿಗುರೂದಿಲ್ಲ. ಹಾಗಾಗಿ ಅದನ್ನ ಎಲ್ಲಿ ಇಡೂದು ಅನ್ನೂದು ಮನೆ ಹೆಂಗಸರಿಗೂ ಗೊತ್ತಿರಬೇಕು.

ಫಂಡು ಅನ್ನೂ ಶಬ್ದ ಕರಾವಳಿಗೆ ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದ್ರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯ್ತು. 1894ರಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆಗೆದವರೂ ಅವರೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ತಂತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ತಕ್ಕೊಂಡು ಹೋಗ್ತಿದ್ರು. ಮೀನು ಮಾರೂವವಳು, ಹೂ ಕಟ್ಟೂವವಳು ಯಾರು ಬೇಕಾದ್ರೂ ಕಟ್ಬೋದಿತ್ತು. ಇವತ್ತಿನ ಎಸ್‌ಐಪಿ ಅಂದ್ರೆ ರೂಢಿಯಲ್ಲಿ ಇದೇ ಪಿಗ್ಮಿ, ದಿನದ ಬದಲು ತಿಂಗಳಿಗೊಮ್ಮೆ.

ಆದ್ರೆ ಒಳಗಿನ ವ್ಯವಹಾರ ಬೇರೆ. ಪಿಗ್ಮಿಯಲ್ಲಿ ಬ್ಯಾಂಕು ನಮಗೆ ಸಾಲಗಾರ, ಹೇಳಿದಷ್ಟು ಕೊಡಲೇಬೇಕು. ಈಗ ಬ್ಯಾಂಕಿನ ಠೇವಣಿಗೆ 5 ಲಕ್ಷದ ತನಕ ವಿಮೆಯೂ ಅದೆ. ಮ್ಯೂಚುವಲ್ ಫಂಡಿಗೆ ಆ ವಿಮೆ ಇಲ್ಲ. ಅದು ನಮ್ಮ ರಂಪಣಿ ಬಲೆ ಇದ್ದ ಹಾಗೆ. ಹತ್ತಾರು ಜನ ಸೇರಿ ಎಳೀತಾರೆ, ಮೀನು ಬಿದ್ರೆ ಎಲ್ಲರಿಗೂ ಪಾಲು, ಬೀಳದಿದ್ರೆ ಬರಿಗೈ. ಬಲೆಯವರಿಗೊಂದು ಪಾಲು ಇರ್ತದಲ್ಲ, ಹಾಗೇ ಫಂಡಿನವರೂ ತಮ್ಮ ಖರ್ಚು ಹಿಡೀತಾರೆ. ನಮಗೆ ಲುಕ್ಸಾನಾದ ವರ್ಷವೂ ಹಿಡೀತಾರೆ.

ನಮ್ಮ ದೇಶದಲ್ಲಿ ಇದನ್ನ ಶುರು ಮಾಡಿದ್ದು ಯೂನಿಟ್ ಟ್ರಸ್ಟ್. 1964ರಲ್ಲಿ ಹತ್ತು ರೂಪಾಯಿಯ ಯೂನಿಟ್ ತಂದ್ರು, ಹೆಸರು ಯುಎಸ್-64. ಮಾಸ್ತರರು, ಗುಮಾಸ್ತರು ಸರಕಾರದ್ದೇ ಅಂತ ನಂಬಿ ಹಾಕಿದ್ರು. 1987ರಲ್ಲಿ ಸ್ಟೇಟ್ ಬ್ಯಾಂಕಿನವರೂ ಕೆನರಾ ಬ್ಯಾಂಕಿನವರೂ ಫಂಡು ತೆಗೆದ್ರು, 1993ರಿಂದ ಖಾಸಗಿಯವರೂ ಬಂದ್ರು.

ಯುಎಸ್-64ರಲ್ಲಿ ಒಂದು ಹುಳುಕು ಇತ್ತು. ಯೂನಿಟಿನ ಬೆಲೆಯನ್ನ ಟ್ರಸ್ಟೇ ಹೇಳ್ತಿತ್ತು. ಒಳಗಿದ್ದ ಶೇರುಗಳ ನಿಜವಾದ ಬೆಲೆ ಎಷ್ಟು ಅಂತ ಹೊರಗೆ ಕಾಣ್ತಿರಲಿಲ್ಲ. ಶೇರು ಬಿದ್ರೂ ಹೇಳೂ ಬೆಲೆ ಇಳೀಲಿಲ್ಲ. 2001ರ ಜುಲೈಯಲ್ಲಿ ಆರು ತಿಂಗಳು ಯೂನಿಟ್ ಮಾರೂದೂ ಇಲ್ಲ, ವಾಪಸ್ ತಕ್ಕಳೂದೂ ಇಲ್ಲ ಅಂತ ಹೇಳಿಬಿಟ್ರು. ಮಗಳ ಮದುವೆಗೆ, ನಿವೃತ್ತಿಗೆ ಅಂತ ಇಟ್ಟವರ ಎದೆ ಒಡೆದುಹೋಯ್ತು. ಕಡೆಗೆ ಸರಕಾರವೇ ನಡುವೆ ಬಂದು ಸಣ್ಣವರನ್ನ ಕಾಯಬೇಕಾಯ್ತು.

ಈಗ ಸೆಬಿಯ ಕಾಯ್ದೆ ಬಿಗಿ ಅದೆ. ಎನ್‌ಎವಿ ಅಂದ್ರೆ ಯೂನಿಟಿನ ನಿಜಬೆಲೆ, ಅದನ್ನ ವಹಿವಾಟಿನ ದಿನವೆಲ್ಲ ಪ್ರಕಟ ಮಾಡ್ಬೇಕು. ಮುಚ್ಚಿಡೂದು ಕಷ್ಟ. ಆದ್ರೆ ಬೆಲೆ ಇಳಿಯೂದನ್ನ ಯಾವ ಕಾಯ್ದೆಯೂ ತಡೆಯೂದಿಲ್ಲ.

ಇಷ್ಟು ತಿಳಿದ ಮೇಲೆ ನಾವು ಮಾಡೂದು ಎಂತ? ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲೇ ಇರಲಿ. ಮಗಳ ಫೀಸು, ಮನೆಯ ಹಂಚು, ಅಂದ್ರೆ ನಾಲ್ಕೈದು ವರ್ಷದೊಳಗೆ ಬೇಕಾಗೂ ದುಡ್ಡು ಶೇರಿನ ಫಂಡಿಗೆ ಬೇಡವೇ ಬೇಡ. ಪರಿಹಾರದ ದುಡ್ಡನ್ನ ಒಂದೇ ದಿನ ಒಂದೇ ಕಡೆ ಸುರಿಯೂದು ಬೇಡ. ಏಳೆಂಟು ವರ್ಷ ಮುಟ್ಟದೆ ಇಡೂಕೆ ಆಗೂದಾದ್ರೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿ. ಬೆಲೆ ಬಿದ್ದ ತಿಂಗಳು ಅದೇ ದುಡ್ಡಿಗೆ ಯೂನಿಟ್ ಜಾಸ್ತಿ ಸಿಗ್ತದೆ, ಹೆದರಿ ನಿಲ್ಲಿಸ್ಬೇಡಿ.

2013ರಿಂದ ಡೈರೆಕ್ಟ್ ಪ್ಲಾನ್ ಅಂತ ಅದೆ, ಅದರಲ್ಲಿ ಏಜೆಂಟರ ಕಮಿಷನ್ ಇಲ್ಲ. ತಿಳಿಯದವರು ಏಜೆಂಟರ ಮೂಲಕವೇ ಹಾಕಿ, ತಪ್ಪಿಲ್ಲ. ಆದ್ರೆ ನಿಮಗೆಷ್ಟು ಕಮಿಷನ್ ಅಂತ ಎದುರಿಗೇ ಕೇಳಿ. ಖಾತೆ ನಿಮ್ಮ ಹೆಸರಲ್ಲಿರಲಿ, ನಾಮಿನಿ ಬರೆಸಿ, ಫೋನಿಗೆ ಬಂದ ಒಟಿಪಿ ಯಾರಿಗೂ ಹೇಳ್ಬೇಡಿ.

ಇಷ್ಟು ಬಡ್ಡಿ ಗ್ಯಾರಂಟಿ, ನಾನಿದ್ದೇನೆ ಅತ್ತಿಗೆ ಅಂತ ಯಾರಾದ್ರೂ ಅಂದ್ರೆ ಚಾ ಕೊಟ್ಟು ಕಳ್ಸಿ, ಚೆಕ್ಕು ಕೊಡ್ಬೇಡಿ. ಮ್ಯೂಚುವಲ್ ಫಂಡಿನಲ್ಲಿ ಗ್ಯಾರಂಟಿ ಅನ್ನೂದು ಇಲ್ಲವೇ ಇಲ್ಲ. ಗೊತ್ತಾಗದ್ದನ್ನ ಕೇಳೂಕೆ ನಾಚ್ಕೆ ಬೇಡ, ದುಡ್ಡು ನಮ್ಮದು.