ಏಮಿ ಕಾರ್ಮೈಕಲ್ (1867–1951)

ಐರ್ಲೆಂಡಿನ ಕ್ರೈಸ್ತ ಸೇವಕಿ, ಬರಹಗಾರ್ತಿ. ಹುಟ್ಟಿದ್ದು ಡೌನ್ ಕೌಂಟಿಯ ಮಿಲೈಲ್ (Millisle) ಎಂಬ ಕಡಲತೀರದ ಹಳ್ಳಿಯಲ್ಲಿ. ತಂದೆ ತೀರಿಕೊಂಡ ಬಳಿಕ, ಬೆಲ್‌ಫಾಸ್ಟಿನ ಗಿರಣಿಗಳಲ್ಲಿ ದುಡಿಯುತ್ತಿದ್ದ ಹುಡುಗಿಯರ ನಡುವೆ ಇವರ ಸೇವೆ ಮೊದಲಾಯಿತು. ಟೋಪಿ ಕೊಳ್ಳಲು ಕಾಸಿಲ್ಲದೆ ತಲೆಗೆ ಶಾಲು ಹೊದ್ದು ಬರುತ್ತಿದ್ದ ಅವರನ್ನು ಊರಿನವರು ‘ಶಾಲೀಸ್’ ಎನ್ನುತ್ತಿದ್ದರು. ಅಂಥವರು ಚರ್ಚಿನೊಳಗೆ ಕಾಲಿಡುವುದು ಕೆಲವು ಸಭಿಕರಿಗೆ ಹಿಡಿಸಲಿಲ್ಲ. ಏಮಿ ಹುಡುಗಿಯರನ್ನು ಬಿಟ್ಟುಕೊಡಲಿಲ್ಲ. 1889ರಲ್ಲಿ ಅವರಿಗಾಗಿಯೇ 500 ಜನ ಕೂರಬಲ್ಲ ತಗಡಿನ ಸಭಾಂಗಣ ಎದ್ದು ನಿಂತಿತು. ಆಗ ಏಮಿಗೆ 21 ವರ್ಷ. ಮುಂದಿನ ಬದುಕಿನ ಬೇರು ಇಲ್ಲಿಯೇ ಇದೆ.

ಜಪಾನಿನಲ್ಲಿ ಕೆಲಕಾಲವಿದ್ದು, 1895ರಲ್ಲಿ ಬೆಂಗಳೂರಿಗೆ ಬಂದರು. ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ಹೋಗಿ ತಮಿಳು ಕಲಿತರು, ಸೀರೆ ಉಟ್ಟರು. ದೇವಾಲಯಕ್ಕೆ ಒಪ್ಪಿಸಲಾಗುತ್ತಿದ್ದ ಪ್ರೀನಾ ಎಂಬ ಪುಟ್ಟ ಬಾಲಕಿ 1901ರಲ್ಲಿ ತಪ್ಪಿಸಿಕೊಂಡು ಇವರ ಆಸರೆ ಸೇರಿದಳು. ಅಂಥ ಮಕ್ಕಳಿಗಾಗಿ ಡೋನಾವೂರಿನಲ್ಲಿ ಬೆಳೆದ ಮನೆಯೇ ಡೋನಾವೂರ್ ಫೆಲೋಶಿಪ್. 1931ರಲ್ಲಿ ಬಿದ್ದು ಪೆಟ್ಟಾದ ಮೇಲೆ ಬಹುಪಾಲು ಹಾಸಿಗೆಯಲ್ಲೇ ಉಳಿದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ತಾಯ್ನಾಡಿಗೆ ಮರಳಲೂ ಇಲ್ಲ. ಸಮಾಧಿಗೆ ಕಲ್ಲು ಬೇಡವೆಂದಿದ್ದರು. ಮಕ್ಕಳು ಅಲ್ಲಿ ಹಕ್ಕಿಗಳು ಮೀಯುವ ನೀರತೊಟ್ಟಿಯನ್ನಿಟ್ಟು, ಅದರ ಮೇಲೆ ‘ಅಮ್ಮಾ’ ಎಂದು ಕೆತ್ತಿಸಿದರು.