ಪೇಂಟ್ ಬೂತ್ ಏರ್ ಫಿಲ್ಟರ್: ಬಣ್ಣದ ಕಣ ಹಿಡಿದರಷ್ಟೇ ಸಾಲದು, ಗಾಳಿಯನ್ನೂ ಬಿಡಬೇಕು

ಕಾರಿನ ಬಾನೆಟ್‌ಗೆ ಸ್ಪ್ರೇ ಗನ್‌ನಿಂದ ಬಣ್ಣ ಹೊಡೆದಾಗ ಅಷ್ಟೂ ಬಣ್ಣ ಲೋಹದ ಮೇಲೆ ಕೂರುವುದಿಲ್ಲ. ಹಳೆಯ ಮಾದರಿಯ ಗನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಮಂಜಿನಂತೆ ಗಾಳಿ ಪಾಲಾಗುತ್ತದೆ. ಇದಕ್ಕೆ ಓವರ್‌ಸ್ಪ್ರೇ ಎಂದು ಹೆಸರು. ಬಿಡದಿ, ಚಾಕಣ್, ಶ್ರೀಪೆರಂಬದೂರಿನ ವಾಹನ ಕಾರ್ಖಾನೆಗಳಿಂದ ಹಿಡಿದು ನಮ್ಮ ಬಡಾವಣೆಯ ಗ್ಯಾರೇಜ್‌ವರೆಗೆ, ಬಣ್ಣ ಸಿಂಪಡಿಸುವ ಕಡೆಯಲ್ಲೆಲ್ಲ ಈ ಸಮಸ್ಯೆ ಇದ್ದೇ ಇದೆ. ಇದನ್ನು ಹಿಡಿಯುವ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ? ಅದರ ವಿನ್ಯಾಸದಲ್ಲಿ ಏನೇನು ನೋಡಬೇಕು? ಇಲ್ಲಿದೆ ವಿವರ.

ಬಣ್ಣದ ಮಂಜು ಏಕೆ ಅಪಾಯಕಾರಿ?

ವಾಹನಗಳಿಗೆ ಬಳಸುವ ಟೂ-ಕಾಂಪೊನೆಂಟ್ ಪಾಲಿಯುರಿಥೇನ್ ಬಣ್ಣ ಮತ್ತು ಕ್ಲಿಯರ್‌ಕೋಟ್‌ಗಳ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಕೆಲಸದಿಂದ ಬರುವ ಅಸ್ತಮಾಕ್ಕೆ ಇದು ಪ್ರಮುಖ ಕಾರಣಗಳಲ್ಲೊಂದು. ಒಮ್ಮೆ ದೇಹಕ್ಕೆ ಇದರ ಅಲರ್ಜಿ ಹತ್ತಿತೆಂದರೆ, ಆಮೇಲೆ ತೀರಾ ಕಡಿಮೆ ಪ್ರಮಾಣವೂ ಉಸಿರಾಟದ ತೊಂದರೆ ತರಬಹುದು. ತುಕ್ಕು ತಡೆಯುವ ಕೆಲವು ಪ್ರೈಮರ್‌ಗಳಲ್ಲಿರುವ ಕ್ರೋಮೇಟ್ ಕ್ಯಾನ್ಸರ್‌ಕಾರಕ.

ಇಲ್ಲೇ ಒಂದು ವಿಷಯ ಗಮನಿಸಬೇಕು. ಬೂತ್‌ನಲ್ಲಿ ಗಾಳಿ ಮೊದಲು ಪೇಂಟರ್‌ನನ್ನು ದಾಟಿ, ಆಮೇಲೆ ಎಕ್ಸಾಸ್ಟ್ ಫಿಲ್ಟರ್ ತಲುಪುತ್ತದೆ. ಅಂದರೆ ಫಿಲ್ಟರ್ ಶುದ್ಧ ಮಾಡುವುದು ಹೊರಗೆ ಹೋಗುವ ಗಾಳಿಯನ್ನು. ಒಳಗಿರುವ ಪೇಂಟರ್‌ಗೆ ನೆರವಾಗುವುದು ಅವನ ಮುಖದ ಬಳಿಯಿಂದ ಮಂಜನ್ನು ಎಳೆದೊಯ್ಯುವ ಗಾಳಿಯ ಹರಿವು. ಫಿಲ್ಟರ್ ಕಟ್ಟಿಕೊಂಡು ಹರಿವು ನಿಧಾನವಾದರೆ ಮೊದಲ ಪೆಟ್ಟು ಬೀಳುವುದು ಅವನಿಗೇ. ಹಾಗಾಗಿ ಅತಿ ಸೂಕ್ಷ್ಮ ಕಣ ಹಿಡಿಯುವ ಫಿಲ್ಟರೇ ಅತ್ಯುತ್ತಮ ಎನ್ನುವಂತಿಲ್ಲ.

ಕಣ ಸಿಕ್ಕಿಬೀಳುವುದು ಹೇಗೆ?

ಓವರ್‌ಸ್ಪ್ರೇ ಹನಿಗಳ ಗಾತ್ರ ಕೆಲವು ಮೈಕ್ರಾನ್‌ನಿಂದ ಹತ್ತಾರು ಮೈಕ್ರಾನ್‌ವರೆಗೆ ಇರುತ್ತದೆ. ಮನುಷ್ಯನ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಫಿಲ್ಟರ್‌ನ ಎಳೆಯೊಂದು ಅಡ್ಡ ಬಂದಾಗ ಗಾಳಿ ಅದನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಭಾರವಾದ ಹನಿಗೆ ಅಷ್ಟು ಬೇಗ ತಿರುಗಲಾಗದು. ಅದು ನೇರವಾಗಿ ಎಳೆಗೆ ಬಡಿದು ಅಂಟಿಕೊಳ್ಳುತ್ತದೆ.

ಹೀಗೆ ಬಡಿಯುವ ಪ್ರವೃತ್ತಿ ಹನಿಯ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1 ಮೈಕ್ರಾನ್ ಹನಿಗೆ ಹೋಲಿಸಿದರೆ 10 ಮೈಕ್ರಾನ್ ಹನಿಯಲ್ಲಿ ಅದು 100 ಪಟ್ಟು. ದೊಡ್ಡ ಹನಿಗಳು ಸುಲಭವಾಗಿ ಸಿಗುವುದಕ್ಕೂ, ಶ್ವಾಸಕೋಶದ ಆಳಕ್ಕೆ ಇಳಿಯುವ ಚಿಕ್ಕ ಹನಿಗಳು ತಪ್ಪಿಸಿಕೊಳ್ಳುವುದಕ್ಕೂ ಇದೇ ಕಾರಣ.

ಮುಂದೆ ಸಡಿಲ, ಹಿಂದೆ ದಟ್ಟ

ಫಿಲ್ಟರ್‌ನ ಮುಂಭಾಗವೇ ದಟ್ಟವಾಗಿದ್ದರೆ ಬಣ್ಣ ಮೇಲ್ಮೈಯಲ್ಲೇ ಹೆಪ್ಪುಗಟ್ಟಿ ಗಾಳಿಗೆ ದಾರಿ ಮುಚ್ಚುತ್ತದೆ. ಅದಕ್ಕಾಗಿ ಫೈಬರ್‌ಗ್ಲಾಸ್ ಪೇಂಟ್ ಫಿಲ್ಟರ್‌ಗಳಲ್ಲಿ ಬೂತ್ ಕಡೆಗೆ ಸಡಿಲ ಎಳೆಗಳು, ಹಿಂದೆ ಹೋದಂತೆ ದಟ್ಟ ಎಳೆಗಳು ಇರುತ್ತವೆ. ಆಗ ಫಿಲ್ಟರ್‌ನ ಪೂರ್ತಿ ದಪ್ಪ ಬಳಕೆಗೆ ಬರುತ್ತದೆ. ಇದನ್ನು ತಿರುವುಮುರುವಾಗಿ ಹಾಕಿದರೆ ಬಹುಬೇಗ ಕಟ್ಟಿಕೊಳ್ಳುತ್ತದೆ.

ಮಡಿಕೆ ಹಾಕಿದ ರಟ್ಟಿನ ಫಿಲ್ಟರ್‌ಗಳ ದಾರಿ ಬೇರೆ. ರಂಧ್ರಗಳ ಮೂಲಕ ಗಾಳಿಯನ್ನು ತಟ್ಟನೆ ತಿರುಗಿಸುತ್ತವೆ. ಹನಿಗಳು ರಟ್ಟಿಗೆ ಬಡಿದು ಮಡಿಕೆಗಳಲ್ಲಿ ತುಂಬಿಕೊಳ್ಳುತ್ತವೆ. ಇವು ಹೆಚ್ಚು ಬಣ್ಣ ಹಿಡಿದಿಡುತ್ತವೆ, ಆದರೆ ಸೂಕ್ಷ್ಮ ಕಣಗಳಿಗೆ ಹಿಂದೆ ಇನ್ನೊಂದು ಹಂತ ಬೇಕು. ದ್ರಾವಕದ ಆವಿಯನ್ನು ಇವ್ಯಾವುವೂ ತಡೆಯುವುದಿಲ್ಲ. ಅದಕ್ಕೆ ಸಕ್ರಿಯ ಇದ್ದಿಲಿನಂಥ ಪ್ರತ್ಯೇಕ ಹಂತ ಬೇಕು. ಅದನ್ನೂ ಕಣಗಳ ಫಿಲ್ಟರ್‌ಗಳ ನಂತರವೇ ಇಡಬೇಕು, ಇಲ್ಲವಾದರೆ ಇದ್ದಿಲಿನ ಮೇಲೆ ಬಣ್ಣ ಕೂತು ಅದು ಕೆಲಸಕ್ಕೆ ಬಾರದಂತಾಗುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ನೀರಿನ ಪರದೆಯಿಂದ ಬಣ್ಣ ತೊಳೆಯುವ ಬೂತ್‌ಗಳಿವೆ. ಸುಣ್ಣಕಲ್ಲಿನ ಪುಡಿ ಬಳಸುವ ಒಣ ವ್ಯವಸ್ಥೆಯನ್ನು ಜರ್ಮನಿಯ ಡ್ಯೂರ್ ಕಂಪನಿ ರೂಪಿಸಿದೆ.

ಲೆಕ್ಕ ಶುರುವಾಗುವುದು ಗನ್‌ನಿಂದ

4 ಮೀಟರ್ ಅಗಲ, 7 ಮೀಟರ್ ಉದ್ದದ ಬೂತ್‌ನಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಸೆಕೆಂಡಿಗೆ 0.25 ಮೀಟರ್ ವೇಗದಲ್ಲಿ ಇಳಿಯುತ್ತಿದೆ ಎಂದುಕೊಳ್ಳಿ. ಆಗ ಸೆಕೆಂಡಿಗೆ 7 ಘನ ಮೀಟರ್, ಗಂಟೆಗೆ 25,200 ಘನ ಮೀಟರ್ ಗಾಳಿ ಹರಿಯುತ್ತದೆ. ನೆಲದಲ್ಲಿ 7 ಚದರ ಮೀಟರ್ ಫಿಲ್ಟರ್ ಇದ್ದರೆ ಅದರ ಮೇಲೆ ಗಾಳಿಯ ವೇಗ ಸೆಕೆಂಡಿಗೆ 1 ಮೀಟರ್. ಖರ್ಚು ಉಳಿಸಲು ಅರ್ಧಕ್ಕೆ ಇಳಿಸಿದರೆ ವೇಗ 2 ಮೀಟರ್ ಆಗುತ್ತದೆ. ಒತ್ತಡದ ನಷ್ಟ ಕನಿಷ್ಠ ಎರಡು ಪಟ್ಟಾಗುತ್ತದೆ.

ಇನ್ನು ಬಣ್ಣದ ಲೆಕ್ಕ. ದಿನಕ್ಕೆ 10 ಕೆಜಿ ಬಣ್ಣ ಬಳಕೆಯಾಗುತ್ತಿದ್ದು, ಅದರಲ್ಲಿ ಅರ್ಧ ಘನಾಂಶ ಎಂದಿಟ್ಟುಕೊಳ್ಳಿ. ಶೇ. 35ರಷ್ಟು ಮಾತ್ರ ಲೋಹಕ್ಕೆ ತಲುಪಿಸುವ ಗನ್ ಆದರೆ ದಿನಕ್ಕೆ 3.25 ಕೆಜಿ ಘನಾಂಶ ಗಾಳಿಗೆ ಹೋಗುತ್ತದೆ. ಶೇ. 65ರಷ್ಟು ತಲುಪಿಸುವ ಎಚ್‌ವಿಎಲ್‌ಪಿ ಗನ್ ಆದರೆ 1.75 ಕೆಜಿ ಮಾತ್ರ. ಫಿಲ್ಟರ್‌ಗಳು ಒಟ್ಟು 21 ಕೆಜಿ ಹಿಡಿಯುವುದಾದರೆ ಮೊದಲನೆಯದರಲ್ಲಿ 6 ದಿನ, ಎರಡನೆಯದರಲ್ಲಿ 12 ದಿನ ಬಾಳಿಕೆ. ಗನ್ ಬದಲಿಸಿದರೆ ಫಿಲ್ಟರ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಶೇ. 98 ಎಂದರೆ ಏನು?

ಸೀಸ, ಕ್ರೋಮಿಯಂನಂಥ ಲೋಹಗಳಿರುವ ಬಣ್ಣ ಸಿಂಪಡಿಸುವ ಸಣ್ಣ ಘಟಕಗಳಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2008ರಲ್ಲಿ ನಿಯಮ ತಂದಿತು. ಅದರ ಪ್ರಕಾರ ಫಿಲ್ಟರ್ ಶೇ. 98ರಷ್ಟು ಓವರ್‌ಸ್ಪ್ರೇ ಹಿಡಿಯಬೇಕು. ಆದರೆ ಈ ಅಂಕಿ ತೂಕದ ಲೆಕ್ಕದ್ದು. ತೂಕದಲ್ಲಿ ದೊಡ್ಡ ಹನಿಗಳದ್ದೇ ಸಿಂಹಪಾಲು. ಹಾಗಾಗಿ ಶೇ. 98 ಎಂದು ಬರೆದಿರುವ ಫಿಲ್ಟರ್‌ನಿಂದಲೂ ಸೂಕ್ಷ್ಮ ಹನಿಗಳು ಗಣನೀಯ ಸಂಖ್ಯೆಯಲ್ಲಿ ಪಾರಾಗಬಹುದು. ಫಿಲ್ಟರ್ ಕೊಳ್ಳುವಾಗ ಯಾವ ಗಾತ್ರದ ಕಣಕ್ಕೆ ಎಷ್ಟು ಎಂದು ಕೇಳುವುದು ಒಳ್ಳೆಯದು.

ಬದಲಾಯಿಸುವುದು ಯಾವಾಗ?

ಕ್ಯಾಲೆಂಡರ್ ನೋಡಿ ಅಲ್ಲ, ಮಾಪಕ ನೋಡಿ. ಫಿಲ್ಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮ್ಯಾನೊಮೀಟರ್ ದುಬಾರಿಯಲ್ಲ.

* ಒತ್ತಡ ತಯಾರಕರು ಹೇಳಿದ ಮಿತಿ ಮುಟ್ಟಿದರೆ ಫಿಲ್ಟರ್ ತುಂಬಿದೆ ಎಂದರ್ಥ.
* ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಫಿಲ್ಟರ್ ಹರಿದಿರಬಹುದು ಅಥವಾ ಚೌಕಟ್ಟಿನಿಂದ ಜಾರಿರಬಹುದು.
* ಫ್ಯಾನ್ ರೆಕ್ಕೆ, ಚಿಮಣಿಯಲ್ಲಿ ಬಣ್ಣ ಕಂಡರೆ ಚೌಕಟ್ಟಿನ ಸಂದುಗಳನ್ನು ಮೊದಲು ಪರೀಕ್ಷಿಸಿ.

ತೆಗೆದ ಫಿಲ್ಟರ್‌ಗಳನ್ನು ಮೂಲೆಯಲ್ಲಿ ರಾಶಿ ಹಾಕಬೇಡಿ. ಕೆಲವು ಬಣ್ಣಗಳ ಶೇಷ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅವನ್ನು ತಕ್ಷಣ ದೂರದ ಸುರಕ್ಷಿತ ಜಾಗಕ್ಕೆ ಸಾಗಿಸಬೇಕು ಅಥವಾ ನೀರು ತುಂಬಿದ ಲೋಹದ ಡಬ್ಬದಲ್ಲಿ ಹಾಕಿ, ದಿನದ ಕೊನೆಗೆ ವಿಲೇವಾರಿ ಮಾಡಬೇಕು ಎನ್ನುತ್ತದೆ ಅಮೆರಿಕದ ಒಎಸ್‌ಎಚ್‌ಎ ನಿಯಮ. ಭಾರತದಲ್ಲಿ ಬಣ್ಣದ ಕೈಗಾರಿಕಾ ಬಳಕೆಯಿಂದ ಬರುವ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿದೆ. ಅದನ್ನು ಮನೆ ಕಸದ ಜೊತೆ ಸೇರಿಸುವಂತಿಲ್ಲ.

ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಮಾಸ್ಕ್‌ಗೆ ಅದು ಬದಲಿಯಲ್ಲ. ಐಸೊಸಯನೇಟ್ ಇರುವ ಬಣ್ಣ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಕವಚವೇ ಸುರಕ್ಷಿತ. ಗನ್ ನಿಲ್ಲಿಸಿದ ಮೇಲೂ ಬೂತ್‌ನ ಮಂಜು ಪೂರ್ತಿ ಹೊರಹೋಗುವವರೆಗೆ ಅದನ್ನು ತೆಗೆಯಬಾರದು.