ಬೆನ್ನಿಗೊಂದು ದೀಪ

ಎತ್ತಿನ ಗಾಡಿಯ ಕಾಲದಲ್ಲಿ ಕಂದೀಲನ್ನು ಅಚ್ಚಿನ ಕೆಳಗೆ ಕಟ್ಟುತ್ತಿದ್ದರು. ದಾರಿ ನೋಡಲಿಕ್ಕೆ ಅದು ಬೇಕಾಗಿರಲಿಲ್ಲ, ದಾರಿ ಎತ್ತುಗಳಿಗೇ ಗೊತ್ತಿತ್ತು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆಂದು ಹುಡಗಿಯ ಸುತ್ತಿನ ಹಳ್ಳಿಗಳಿಂದ ಹುಮನಾಬಾದಿನ ಮಾಣಿಕನಗರಕ್ಕೆ ಗಾಡಿಗಳು ಸಾಲಾಗಿ ಹೊರಟರೆ, ಮುಂದಿನ ಗಾಡಿಯ ಕೆಳಗೆ ತೂಗಾಡುವ ಬೆಳಕನ್ನು ನೋಡಿಕೊಂಡು ಹಿಂದಿನವನು ಎತ್ತು ಹೊಡೆಯುತ್ತಿದ್ದ. ಮೇಲೆ ಕೂತವನಿಗೆ ತನ್ನ ಕಂದೀಲು ಕಾಣುತ್ತಲೇ ಇರಲಿಲ್ಲ. ಎಣ್ಣೆ ಅವನದು, ಉಪಯೋಗ ಹಿಂದಿನವನದು.

ಈ ಎಣ್ಣೆಯ ಖರ್ಚು ಯಾರ ತಲೆಯ ಮೇಲೆ ಎಂಬ ಬಗ್ಗೆ ಬ್ರಿಟನ್ನಿನಲ್ಲಿ ದೊಡ್ಡ ಜಗಳವೇ ನಡೆದಿದೆ. ಮೋಟಾರುಗಳು ಹೆಚ್ಚಿದ ಮೇಲೆ, ಸೈಕಲ್ಲಿನ ಹಿಂದೆ ಕೆಂಪು ದೀಪ ಕಡ್ಡಾಯವಾಗಬೇಕೆಂಬ ಕೂಗು ಎದ್ದಿತು. ಸೈಕಲ್ ಸವಾರರ ಸಂಘ ಒಪ್ಪಲಿಲ್ಲ. ವೇಗವಾಗಿ ಬರುವವನು ಕಣ್ಣಿಟ್ಟು ಬರಬೇಕು, ಅವನ ಹೊಣೆಯನ್ನು ನಮ್ಮ ಬೆನ್ನಿಗೆ ಕಟ್ಟಬೇಡಿ ಎಂಬುದು ಅವರ ವಾದ. ನ್ಯಾಯವಾಗಿ ನೋಡಿದರೆ ಅವರ ಮಾತು ಸರಿಯೇ. ಆದರೆ ಕತ್ತಲೆಗೆ ನ್ಯಾಯ ತಿಳಿಯುವುದಿಲ್ಲವಲ್ಲ! ಕೊನೆಗೆ 1930ರ ದಶಕದಲ್ಲಿ ಒಂದು ರೀತಿಯ ರಾಜಿಯಾಗಿ, ದೀಪವಿಲ್ಲದಿದ್ದರೆ ಕೆಂಪು ರಿಫ್ಲೆಕ್ಟರ್ ಇರಲಿ, ಹಿಂದಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ ಬಳಿಯಿರಿ ಎಂದಾಯಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗಿ ಬಾಂಬಿನ ಭಯಕ್ಕೆ ಊರೂರೇ ದೀಪ ಆರಿಸಿ ಕೂತಾಗ ವಾದ ತಾನಾಗಿ ಮುಗಿಯಿತು. ಹಿಂದಿನ ದೀಪ ಕಡ್ಡಾಯವಾಯಿತು.

ನಮ್ಮ ಅಪ್ಪಂದಿರ ಕರಿ ಸೈಕಲ್ಲನ್ನು ನೆನಪಿಸಿಕೊಳ್ಳಿ. ಹಿಂದಿನ ಮಡ್‌ಗಾರ್ಡಿನ ತುದಿಗೆ ಒಂದು ಗೇಣು ಬಿಳಿ ಬಣ್ಣ, ಅದರ ಮೇಲೆ ಕೆಂಪು ಬಿಲ್ಲೆ. ಅದನ್ನು ಚೆಂದಕ್ಕೆ ಬಳಿದದ್ದೆಂದು ನಾವೆಲ್ಲ ತಿಳಿದಿದ್ದೆವು.

ಆ ಕೆಂಪು ಬಿಲ್ಲೆಯ ಕೆಲಸ ವಿಜ್ಞಾನದ ತರಗತಿಯಲ್ಲಿ ಹೇಳಲು ಬಲು ಸೊಗಸು. ಕನ್ನಡಿ ಬೆಳಕನ್ನು ಬೇರೆ ದಿಕ್ಕಿಗೆ ಎಸೆಯುತ್ತದೆ. ರಿಫ್ಲೆಕ್ಟರಿನೊಳಗೆ ಮೂರು ಮೂರು ಮುಖಗಳು ಕೂಡಿದ ಸಣ್ಣ ಸಣ್ಣ ಮೂಲೆಗಳಿವೆ. ಬೆಳಕು ಅಲ್ಲಿ ಮೂರು ಸಲ ಪುಟಿದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಾಗಾಗಿ ಲಾರಿಯ ದೀಪದ ಬೆಳಕು ಲಾರಿಯವನ ಕಣ್ಣಿಗೇ ಮರಳುತ್ತದೆ. ಬ್ಯಾಟರಿ ಬೇಡ, ವೈರು ಬೇಡ, ಧೂಳು ಒರೆಸಿದರೆ ಸಾಕು. 1934ರಲ್ಲಿ ಇಂಗ್ಲೆಂಡಿನ ಪರ್ಸಿ ಶಾ ರಸ್ತೆಯಲ್ಲಿ ಹೂಳುವ ಬೆಕ್ಕಿನ ಕಣ್ಣನ್ನು ಕಂಡುಹಿಡಿದ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದೂ ಬೆಳಕನ್ನು ಹೀಗೆ ಹಿಂದಿರುಗಿಸಿಯೇ.

ಇನ್ನು ಮೋಟಾರ್ ಸೈಕಲ್ಲು. ನಮ್ಮ ರಾಜ್ಯದಲ್ಲಿ ಆ ಹೆಸರಿಗೆ ಮೆರುಗು ತಂದದ್ದು ಮೈಸೂರಿನ ಐಡಿಯಲ್ ಜಾವಾ. 1961ರಲ್ಲಿ ಅಲ್ಲಿಂದ ಜಾವಾ ಹೊರಬರತೊಡಗಿತು, 1973ರಿಂದ ಅದೇ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಸದ್ದು ಇನ್ನೂ ಹಲವರ ಕಿವಿಯಲ್ಲಿದೆ. ಅದರ ಹಿಂದಿನ ದೀಪವನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಜಾವಾದ್ದು 6 ವೋಲ್ಟಿನ ವಿದ್ಯುತ್ತು. ಅಷ್ಟೇ ಬೆಳಕಿಗೆ 12 ವೋಲ್ಟಿನ ಗಾಡಿಗಿಂತ ಎರಡು ಪಟ್ಟು ಕರೆಂಟು ಹರಿಯಬೇಕು. ಒಂದು ಕೀಲಿಗೆ ತುಕ್ಕು ಹಿಡಿದರೆ ಕೆಂಪು ದೀಪ ಬೀಡಿಯ ಕಿಡಿಯಂತಾಗುತ್ತಿತ್ತು. ಕಾಲಿನ ಬ್ರೇಕು ಒತ್ತಿದರೆ ಮಾತ್ರ ಬ್ರೇಕಿನ ದೀಪ ಹತ್ತುತ್ತಿತ್ತು, ಕೈಯದಕ್ಕಿಲ್ಲ. ಗೇರು ಇಳಿಸಿ ನಿಧಾನ ಮಾಡಿದರಂತೂ ಇಂದಿನ ಗಾಡಿಯಲ್ಲೂ ಹಿಂದಿನವನಿಗೆ ಸುಳಿವು ಸಿಗುವುದು ಕಡಿಮೆ. ಆಗ ರಸ್ತೆಯಲ್ಲಿ ವಾಹನಗಳೇ ವಿರಳ, ನಡೆದುಹೋಯಿತು.

ಈಗ ಹುಮನಾಬಾದಿನ ಮೇಲೆ ಹಾಯುವ ಪುಣೆ–ಹೈದರಾಬಾದ್ ರಸ್ತೆ ಆ ರಸ್ತೆಯಲ್ಲ. ಮೊದಲು 9 ಎನ್ನುತ್ತಿದ್ದ ಈ ಹೆದ್ದಾರಿಗೆ 2010ರಲ್ಲಿ 65 ಎಂಬ ಸಂಖ್ಯೆ ಬಂತು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದಿರುತ್ತದೆ. ನನ್ನ ತರಗತಿಯ ಒಬ್ಬ ಹುಡುಗಿಯ ತಂದೆ ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲಿ ಹೊರಟವರು ಮರಳಲಿಲ್ಲ. ಹಿಂದಿನಿಂದ ಗುದ್ದಿದ ಲಾರಿಯವನು ಹೇಳಿದ್ದು ಒಂದೇ ಮಾತಂತೆ: ಕಾಣಲಿಲ್ಲ. ಕ್ಯಾನುಗಳ ನಡುವೆ ಕೆಂಪು ದೀಪ ಹೂತುಹೋಗಿತ್ತು. ಅವನು ಸುಳ್ಳು ಹೇಳಿರಲಾರ ಎಂಬುದೇ ನನ್ನನ್ನು ಹೆಚ್ಚು ಕಾಡುವುದು.

ನಮ್ಮ ಅಕ್ಕನ ಮಗನಿಗೆ ಮೋಟಾರ್ ಸೈಕಲ್ಲಿನ ಮೇಲೆ ದೇಶ ಸುತ್ತುವ ಹುಚ್ಚು. ಒಮ್ಮೆ ಗೋವಾಕ್ಕೆಂದು ಗಂಟುಮೂಟೆ ಕಟ್ಟಿದ್ದ. ಚೀಲದ ಅಂಚು ದೀಪದ ಮೇಲೆಯೇ ಜೋತಾಡುತ್ತಿತ್ತು. ತೋರಿಸಿದರೆ, "ಹಿಂದ ಬರಾವ್ರು ನೋಡ್ಕೊಂಡು ಬರ್ತಾರ ಬಿಡು ಚಿಗವ್ವ" ಅಂದ. ಬ್ರಿಟನ್ನಿನ ಸೈಕಲ್ ಸಂಘದ ವಾದ ಎಂಬತ್ತು ತೊಂಬತ್ತು ವರ್ಷ ದಾಟಿ ನಮ್ಮ ಅಂಗಳಕ್ಕೇ ಬಂದಿತ್ತು! ನಾನು ಇತಿಹಾಸ ಹೇಳಲಿಲ್ಲ. ಕತ್ತಲಾದ ಮೇಲೆ ಅವನನ್ನು ನೂರು ಹೆಜ್ಜೆ ಹಿಂದೆ ನಿಲ್ಲಿಸಿ, ಟಾರ್ಚು ಕೈಗೆ ಕೊಟ್ಟು, ಅವನ ಗಾಡಿಯನ್ನೇ ನೋಡಲು ಹೇಳಿದೆ. ಸುಮ್ಮನೆ ಬಂದು ಹಗ್ಗ ಬಿಚ್ಚಿದ.

ಕಾರಿಗೆ ಹಿಂದೆ ಎರಡು ದೀಪ. ಹತ್ತಿರವಾದಂತೆ ಅವುಗಳ ನಡುವಿನ ಅಂತರ ಹಿಗ್ಗುತ್ತದೆ, ದೂರ ತಿಳಿಯುತ್ತದೆ. ಮೋಟಾರ್ ಸೈಕಲ್ಲಿಗೆ ಒಂದೇ ಚುಕ್ಕೆ. ಹತ್ತಿರವೋ ದೂರವೋ ಹೇಳುವುದು ಕಷ್ಟ. ಆದ್ದರಿಂದ ಎರಡೂ ಬದಿಗೆ ಇಳಿಬಿಡುವ ಚೀಲಗಳ ಹಿಂಭಾಗಕ್ಕೆ ಅಗಲವಾಗಿ ಒಂದೊಂದು ಹೊಳೆಯುವ ಪಟ್ಟಿ ಹಚ್ಚಿದರೆ ಗಾಡಿಗೆ ಅಗಲ ಬರುತ್ತದೆ, ಹೆಲ್ಮೆಟ್ಟಿನ ಹಿಂದೆ ಹಚ್ಚಿದರೆ ಎತ್ತರ ಬರುತ್ತದೆ. ಎತ್ತರದ ಮಹಿಮೆಯನ್ನು 1974ರಲ್ಲಿ ಜಾನ್ ವೊವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೋರಿಸಿದ. ಮುನ್ನೂರಕ್ಕೂ ಹೆಚ್ಚು ಟ್ಯಾಕ್ಸಿಗಳ ಹಿಂದಿನ ಗಾಜಿನ ಕೆಳಗೆ ಇನ್ನೊಂದು ಬ್ರೇಕಿನ ದೀಪ ಇಟ್ಟಾಗ, ಹಿಂದಿನಿಂದ ಗುದ್ದಿಸಿಕೊಳ್ಳುವುದು ಅರ್ಧಕ್ಕಿಂತ ಕೆಳಗಿಳಿಯಿತು. 1986ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಆ ಮೂರನೆಯ ದೀಪ ಕಡ್ಡಾಯ. ನ್ಯೂಜಿಲೆಂಡಿನಲ್ಲಿ ಮೋಟಾರ್ ಸೈಕಲ್ ಸವಾರರ ಬಗ್ಗೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಳೆಯುವ ಉಡುಪು ತೊಟ್ಟವರಿಗೆ ಅಪಘಾತದಲ್ಲಿ ಗಾಯವಾಗುವ ಅಪಾಯ ಶೇಕಡಾ 37ರಷ್ಟು ಕಡಿಮೆ ಕಂಡುಬಂತು. ನಮ್ಮ ಹುಡುಗರಿಗೋ ಕಪ್ಪು ಜಾಕೀಟು, ಕಪ್ಪು ಹೆಲ್ಮೆಟ್ಟೇ ಬೇಕು.

ನಮ್ಮಲ್ಲಿ 2017ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದಿನ ದೀಪ ಹಗಲೂ ಉರಿಯಬೇಕೆಂಬ ನಿಯಮ ಬಂತು. ಲಾರಿಗಳಿಗೆ ಹಿಂದೆ ಕೆಂಪು, ಬದಿಗೆ ಹಳದಿ ಪಟ್ಟಿ. ಹೇರು ಕಟ್ಟಿದ ಮೋಟಾರ್ ಸೈಕಲ್ಲಿನ ಬೆನ್ನು ಮಾತ್ರ ಸವಾರನ ಬುದ್ಧಿಗೇ ಬಿಟ್ಟದ್ದು.

ಗೋವಾದಿಂದ ಬಂದ ಮೇಲೆ ನಮ್ಮ ಹುಡುಗ ಹುಮನಾಬಾದಿನಿಂದ ಕೆಂಪು ಪಟ್ಟಿಯ ಸುರುಳಿಯೊಂದನ್ನು ತಂದ. ತನ್ನ ಚೀಲಕ್ಕೆ ಹಚ್ಚಿ ಉಳಿದದ್ದನ್ನು ಆ ಹುಡುಗಿಯ ಮನೆಗೆ ಕೊಟ್ಟುಬಂದಿದ್ದಾನೆ. ಅವಳ ಅಣ್ಣ ಈಗ ಅದೇ ಕ್ಯಾನುಗಳಲ್ಲಿ ಹಾಲು ಒಯ್ಯುತ್ತಾನೆ.